‘ನಿನ್ನೆ ಟೀ ಆಗಲಿಲ್ಲ, ಲವ್’

ಮೊದಲ ಗುರುವಾರ 40 ಜನಕ್ಕೆ ಆಗುವಷ್ಟು ಅಡುಗೆ ಮಾಡಿದ್ದೆವು. ಬಂದವರು 6 ಜನ. ಅವರಲ್ಲಿ ಇಬ್ಬರು ಹೀಟರ್ ಪಕ್ಕ ಸ್ವಲ್ಪ ಹೊತ್ತು ಕೂತು, ಚಹಾ ಕುಡಿದು ಎದ್ದು ಹೋದರು. ಬೇಳೆ ಸೂಪು, ಆಲೂಗಡ್ಡೆ ಪಲ್ಯ, ಬ್ರೆಡ್ಡು ಎಲ್ಲ ಹಾಗೇ ಉಳಿಯಿತು.

ಊರಲ್ಲಿ ಹಸಿವು ಇಲ್ಲ ಅಂತಲ್ಲ. ಸೋಮವಾರ ಬೆಳಿಗ್ಗೆ ಕೆಲವು ಮಕ್ಕಳು ಬಿಸ್ಕತ್ತಿಗೆ ಕೈ ಹಾಕುವ ರೀತಿ ನೋಡಿದರೇ ಶನಿವಾರ, ಭಾನುವಾರ ಮನೆಯಲ್ಲಿ ಏನಾಗಿರಬೇಕು ಅಂತ ಗೊತ್ತಾಗುತ್ತದೆ ಎಂದು ಪಕ್ಕದ ಶಾಲೆಯ ಟೀಚರ್ ಒಬ್ಬರು ಹೇಳಿದ್ದರು. ಅವರ ಮಾತು ಕೇಳಿಯೇ ನಾವು ನಾಲ್ಕೈದು ಜನ ಸೇರಿ ಹಳೆಯ ಚರ್ಚ್ ಹಾಲ್ ಒಂದರಲ್ಲಿ ಒಲೆ ಹಚ್ಚಿದ್ದು. ಅದು 2022ರ ಅಕ್ಟೋಬರ್. ಗ್ಯಾಸು, ಕರೆಂಟಿನ ಬಿಲ್ಲು ಎಲ್ಲರ ಕೈ ಮೀರಿದ ಚಳಿಗಾಲ. ಆದರೂ ಜನ ಬರಲಿಲ್ಲ. ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡು ಇಟ್ಟಿದ್ದೆವು: ‘ಉಚಿತ ಊಟ’. ತಪ್ಪು ಅಲ್ಲೇ ಇತ್ತು. ಅದು ನನಗೆ ತಿಳಿಯೋಕೆ ಎರಡು ತಿಂಗಳು ಹಿಡಿಯಿತು.

ನಾವಿರುವುದು ಇಂಗ್ಲೆಂಡಿನ ಉತ್ತರದ ರೋಚ್‌ಡೇಲ್‌ನಲ್ಲಿ. ಮ್ಯಾಂಚೆಸ್ಟರ್‌ನಿಂದ ಇನ್ನೂ ಮೇಲೆ, ಪೆನ್ನೈನ್ ಬೆಟ್ಟಗಳ ಬುಡದಲ್ಲಿರುವ ಊರು. ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಹತ್ತಿ ಗಿರಣಿ, ಉಣ್ಣೆ ಗಿರಣಿ. ನನ್ನ ತವರು ಗದಗ. ಅಲ್ಲೂ ಹತ್ತಿಯದೇ ಮಾತು. ಈ ಎರಡು ಊರುಗಳಿಗೆ ಹಳೆಯ ನಂಟಿದೆ ಅಂತ ಇಲ್ಲಿಗೆ ಬಂದ ಮೇಲೇ ನನಗೆ ಗೊತ್ತಾಗಿದ್ದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಬರುವುದು ನಿಂತಿತು. ರೋಚ್‌ಡೇಲ್ ಆಗ ಸೇರಿದ್ದ ಲ್ಯಾಂಕಾಷೈರ್ ಸೀಮೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಗ ಇವರ ಕಣ್ಣು ಬಿದ್ದದ್ದು ನಮ್ಮ ಕಡೆಯ ಹತ್ತಿಯ ಮೇಲೆ. ಧಾರವಾಡ ಸೀಮೆಯಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂತು. ಇಲ್ಲಿ ಮಾತ್ರ ನೇಕಾರರು ಗಂಜಿಕೇಂದ್ರದ ಸಾಲಿನಲ್ಲಿ ನಿಂತರು. 1863ರಲ್ಲಿ ಅಮೆರಿಕದ ಉತ್ತರದ ರಾಜ್ಯಗಳ ಜನ ಇವರಿಗಾಗಿ ಹಡಗಿನಲ್ಲಿ ಹಿಟ್ಟಿನ ಪೀಪಾಯಿಗಳನ್ನು ಕಳಿಸಿದ್ದರು. ಅವುಗಳಲ್ಲಿ ಒಂದನ್ನು ರೋಚ್‌ಡೇಲ್ ಇನ್ನೂ ಜೋಪಾನ ಮಾಡಿ ಇಟ್ಟುಕೊಂಡಿದೆ. ಆ ಮರದ ಪೀಪಾಯಿ ನೆನಪಾದಾಗೆಲ್ಲ, ದಾನದ ಸಾಲಿನಲ್ಲಿ ನಿಂತ ಅವಮಾನವೂ ಇಲ್ಲಿನ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂದಿರಬೇಕು ಅನ್ನಿಸುತ್ತದೆ.

ಈಗ ಬೋರ್ಡಿನ ವಿಷಯಕ್ಕೆ ಬರುತ್ತೇನೆ.

ನವೆಂಬರಿನಿಂದ ಒಬ್ಬ ಹೆಂಗಸು ಪ್ರತಿ ಗುರುವಾರ ಎರಡು ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಅವರಿಗೆ ಕೆಲಸ. ಅಂದರೆ ಕೆಲಸ ಇಲ್ಲದವರೇನಲ್ಲ. ಮಕ್ಕಳಿಗೆ ತಟ್ಟೆ ತುಂಬ ಬಡಿಸಿಕೊಳ್ಳುತ್ತಿದ್ದರು, ತಮಗೆ ಮಾತ್ರ ಬೇಡ ಅನ್ನುತ್ತಿದ್ದರು. ಒಂದೆರಡು ಸಲ ನನ್ನ ಹತ್ತಿರ ಬಂದು ಮೆಲ್ಲಗೆ, ‘ನಿನ್ನೆ ಟೀ ಆಗಲಿಲ್ಲ, ಲವ್’ ಅಂದರು. ಇಲ್ಲಿನವರು ಗುರುತಿಲ್ಲದವರನ್ನೂ ಲವ್ ಅಂತಲೇ ಕರೆಯುತ್ತಾರೆ. ನಾನು ಹಾಲು, ಸಕ್ಕರೆ ಜಾಸ್ತಿ ಹಾಕಿ ಒಂದು ದೊಡ್ಡ ಲೋಟ ಚಹಾ ಕೊಡುತ್ತಿದ್ದೆ. ಅವರು ಏನೂ ಹೇಳದೆ ಕುಡಿದು ಹೋಗುತ್ತಿದ್ದರು.

ಮೂರನೇ ಸಲವೂ ಅದೇ ಆಯಿತು. ನನ್ನ ಜೊತೆ ರೊಟ್ಟಿ ಬೇಯಿಸುತ್ತಿದ್ದ ಒಬ್ಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಅವರ ಮನೆಯವರು ಮೂಲದಲ್ಲಿ ಪಾಕಿಸ್ತಾನದ ಕಡೆಯವರು, ಇವರು ಹುಟ್ಟಿ ಬೆಳೆದಿದ್ದೆಲ್ಲ ಇಲ್ಲೇ. ನನ್ನನ್ನು ಬಾಜಿ ಅಂತ ಕರೆಯುತ್ತಾರೆ, ಅಕ್ಕ ಅನ್ನೋ ಅರ್ಥದಲ್ಲಿ. ‘ಬಾಜಿ, ಈ ಕಡೆ ಟೀ ಅಂದರೆ ರಾತ್ರಿ ಊಟ. ಕುಡಿಯೋ ಚಹಾಕ್ಕೆ ಬ್ರೂ ಅಂತಾರೆ.’

ಅಂದರೆ ಮೂರು ವಾರದಿಂದ ಆ ತಾಯಿ ನನಗೆ ಹೇಳುತ್ತಿದ್ದದ್ದು, ನಿನ್ನೆ ರಾತ್ರಿ ನಾನು ಉಂಡಿಲ್ಲ ಅಂತ. ಸೌಟು ಕೆಳಗಿಟ್ಟು ಬಾಗಿಲ ಕಡೆ ನೋಡಿದೆ. ಅವರು ಆಗಲೇ ಹೋಗಿಯಾಗಿತ್ತು.

ಹಸಿದವರು ಬಾಯಿಬಿಟ್ಟು ಹಸಿವು ಅನ್ನುವುದಿಲ್ಲ. ಹೇಳಿದರೂ ಇಷ್ಟೇ ಹೇಳುತ್ತಾರೆ. ಹಾಗಿರುವಾಗ ನಮ್ಮ ಬೋರ್ಡು ಬಾಗಿಲಲ್ಲೇ ಅವರನ್ನು ತಡೆದು, ನೀವು ಬಡವರು ಅಂತ ಮೊದಲು ಒಪ್ಪಿಕೊಳ್ಳಿ ಅನ್ನುತ್ತಿತ್ತು. ನಾನು ಚಿಕ್ಕವಳಿದ್ದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಕ್ತಿಯಲ್ಲಿ ಎಷ್ಟೋ ಸಲ ಉಂಡಿದ್ದೇನೆ. ಯಾರು ಸಂಗೀತ ಕೇಳೋಕೆ ಬಂದವರು, ಯಾರು ಹಸಿದು ಬಂದವರು ಅಂತ ಅಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಕೂತರೆ ಬಡಿಸುತ್ತಿದ್ದರು, ಅಷ್ಟೇ. ಅಂಥ ಪಂಕ್ತಿ ಉಂಡು ಬೆಳೆದ ನಾನು ಇಲ್ಲಿ ಬಂದು ಜನರನ್ನು ಸಾಲಿನಲ್ಲಿ ನಿಲ್ಲಿಸಿದ್ದೆ.

ಮುಂದಿನ ವಾರವೇ ಬೋರ್ಡು ಬದಲಾಯಿತು. ‘ಗುರುವಾರ 2ಕ್ಕೆ ಅಡುಗೆಗೆ ಕೈ ಬೇಕು. ಬ್ರೂ ಸಿಗುತ್ತದೆ. 4ಕ್ಕೆ ಎಲ್ಲರೂ ಕೂತು ಟೀ.’ ಉಚಿತ ಅನ್ನುವ ಪದವೇ ಇಲ್ಲ. ಬಡಿಸುವ ಕೌಂಟರ್ ತೆಗೆದುಬಿಟ್ಟೆವು. ಮೇಜಿನ ಮೇಲೆ ಪಾತ್ರೆ ಇಟ್ಟು, ಒಬ್ಬರಿಗೊಬ್ಬರು ಬಡಿಸಿಕೊಳ್ಳುವ ಹಾಗೆ ಮಾಡಿದೆವು. ಅಡುಗೆ ಮಾಡಿದವರೂ ಅಲ್ಲೇ ಕೂತು ಉಣ್ಣಬೇಕು, ಇದು ಕಡ್ಡಾಯ. ಏಪ್ರನ್ ಕಟ್ಟಿಕೊಂಡು ಪಕ್ಕಕ್ಕೆ ನಿಂತು ನೋಡುವ ಹಾಗಿಲ್ಲ.

ಜನ ಬಂದರು. ಒಮ್ಮೆಲೇ ಅಲ್ಲ, ಒಬ್ಬೊಬ್ಬರಾಗಿ. ಕ್ಯಾರೆಟ್ ಹೆಚ್ಚೋಕೆ ಬಂದೆ ಅನ್ನುತ್ತಿದ್ದರು. ಎರಡು ಕ್ಯಾರೆಟ್ ಹೆಚ್ಚಿ ಎರಡು ತಟ್ಟೆ ಉಂಡವರೂ ಇದ್ದಾರೆ. ಉಣ್ಣಲಿ. ಫೆಬ್ರವರಿ ಹೊತ್ತಿಗೆ ಹಾಲ್‌ನಲ್ಲಿ ಕುರ್ಚಿ ಸಾಲದೆ ಬಂತು.

ಆಮೇಲೆ ಶುರು ಮಾಡಿದ್ದು ಪ್ಯಾಂಟ್ರಿ. ವಾರಕ್ಕೆ 5 ಪೌಂಡ್ ಕೊಟ್ಟು ಸದಸ್ಯರಾದರೆ, ಕಪಾಟಿನಿಂದ ತಮಗೆ ಬೇಕಾದ ಸಾಮಾನು ತಾವೇ ಆರಿಸಿಕೊಳ್ಳಬಹುದು. ಅಂಗಡಿಯಲ್ಲಿ ಅದರ ಬೆಲೆ ಅದಕ್ಕಿಂತ ಎಷ್ಟೋ ಜಾಸ್ತಿ. ಇದರ ಬೇರೂ ಇದೇ ಊರಲ್ಲಿದೆ. 1844ರಲ್ಲಿ 28 ಜನ ಕೆಲಸಗಾರರು ತಲಾ ಒಂದೊಂದು ಪೌಂಡ್ ಕೂಡಿಸಿ ಟೋಡ್ ಲೇನ್ ಬೀದಿಯಲ್ಲಿ ತಮ್ಮದೇ ಅಂಗಡಿ ತೆರೆದರು. ಮಾರಿದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ. ಜಗತ್ತಿನ ಸಹಕಾರ ಸಂಘಗಳೆಲ್ಲ ಹೆಚ್ಚುಕಡಿಮೆ ಈ ಅಂಗಡಿಯ ಜಾಡು ಹಿಡಿದವೇ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಂಘವೂ ಅದೇ ಜಾಡಿನದು. ಅದನ್ನು ನಮ್ಮ ಸಭೆಯಲ್ಲಿ ಹೇಳಿದಾಗ ಇಲ್ಲಿನ ಹಿರಿಯರು ತುಂಬಾ ಖುಷಿಪಟ್ಟರು. ಆ 5 ಪೌಂಡಿನಿಂದ ನಮ್ಮ ಖರ್ಚು ಏನೂ ಹುಟ್ಟುವುದಿಲ್ಲ. ಆದರೆ ಕೊಟ್ಟವರು ಅಂಗಡಿಗೆ ಬಂದವರ ಹಾಗೆ ತಲೆ ಎತ್ತಿಕೊಂಡು ಬರುತ್ತಾರೆ. ಟೊಮೆಟೊ ಮೆತ್ತಗಾಗಿದ್ದರೆ ಜಗಳ ಮಾಡುತ್ತಾರೆ. ಆ ಜಗಳ ನನಗೆ ಇಷ್ಟ.

5 ಪೌಂಡೂ ಇಲ್ಲದ ದಿನ ಇರುತ್ತದೆ. ಅಂಥವರಿಗೆ ಪಕ್ಕದ ಫುಡ್ ಬ್ಯಾಂಕಿನ, ಅಂದರೆ ದಿನಸಿ ಚೀಲ ಉಚಿತವಾಗಿ ಕೊಡುವ ಕೇಂದ್ರದ ಚೀಟಿ ಕೊಡಿಸುತ್ತೇವೆ. ಫುಡ್ ಬ್ಯಾಂಕ್ ಬೇಡ ಅಂತ ನಾನು ಹೇಳುವುದಿಲ್ಲ. ಟ್ರಸಲ್ ಸಂಸ್ಥೆಯ ಫುಡ್ ಬ್ಯಾಂಕ್ ಬಳಗವೊಂದೇ 2024–25ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 29 ಲಕ್ಷ ತುರ್ತು ಚೀಲ ಹಂಚಿದೆ, ಅದರಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ. ಇಷ್ಟು ಶ್ರೀಮಂತ ದೇಶದಲ್ಲಿ ಇಂಥ ಲೆಕ್ಕ ಓದೋಕೇ ಸಂಕಟವಾಗುತ್ತದೆ.

ಚೀಲ ಕೊಟ್ಟರೂ ಒಂದು ತೊಡಕಿದೆ, ಅದನ್ನೂ ಇಲ್ಲೇ ಕಲಿತೆ. ಒಬ್ಬರು ಅಕ್ಕಿ, ಪಾಸ್ತಾ, ಬೇಳೆ ಎಲ್ಲ ವಾಪಸ್ ಇಟ್ಟು ಬಿಸ್ಕತ್ತು, ಟಿನ್ ಮೀನು ಮಾತ್ರ ತೆಗೆದುಕೊಂಡರು. ಯಾಕೆ ಅಂದರೆ ಮೀಟರಿನಲ್ಲಿ ದುಡ್ಡಿಲ್ಲ. ಇಲ್ಲಿ ತುಂಬಾ ಮನೆಗಳಲ್ಲಿ ಗ್ಯಾಸು, ಕರೆಂಟಿಗೆ ಮೊಬೈಲ್ ರೀಚಾರ್ಜ್ ಥರ ಮೊದಲೇ ದುಡ್ಡು ತುಂಬಬೇಕು. ಬೇಳೆ ಮುಕ್ಕಾಲು ಗಂಟೆ ಬೇಯಿಸುವುದು ಅವರ ಪಾಲಿಗೆ ದುಬಾರಿ ಅಡುಗೆ. ಈಗ ನಾವು ಮೊದಲು ಕೇಳುವ ಪ್ರಶ್ನೆ, ಮನೆಯಲ್ಲಿ ಒಲೆ ಹತ್ತುತ್ತದಾ? ಕೆಟಲ್ ಮಾತ್ರ ಇದ್ದವರಿಗೆ ಬಿಸಿ ನೀರು ಹೊಯ್ದರೆ ಆಗುವಂಥದ್ದು ಕಟ್ಟಿಕೊಡುತ್ತೇವೆ. ಅದೂ ಇಲ್ಲದವರಿಗೆ ಬೇಯಿಸಿದ್ದನ್ನೇ ಡಬ್ಬಿಗೆ ಹಾಕಿ ಕೊಡುತ್ತೇವೆ.

ಅಡುಗೆಮನೆಯ ಮಾತು ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನನ್ನ ದಿನ ಕಳೆಯುವುದು ಅಲ್ಲೇ. ಸಾಮಾನು ಹೆಚ್ಚಾಗಿ ಫೇರ್‌ಶೇರ್ ಅನ್ನುವ ಸಂಸ್ಥೆಯ ಮೂಲಕ ಬರುತ್ತದೆ, ಅಂಗಡಿ ಮತ್ತು ಕಾರ್ಖಾನೆಗಳಲ್ಲಿ ಹೆಚ್ಚಾಗಿ ಉಳಿದದ್ದು. ಏನು ಬರುತ್ತದೆ ಅಂತ ಬೆಳಿಗ್ಗೆಯವರೆಗೂ ಗೊತ್ತಿರುವುದಿಲ್ಲ. ಒಂದು ವಾರ ಹತ್ತು ಪೆಟ್ಟಿಗೆ ಎಲೆಕೋಸು, ಇನ್ನೊಂದು ವಾರ ಬರೀ ಮೊಸರು. ಪೊಟ್ಟಣದ ಮೇಲೆ ‘ಬೆಸ್ಟ್ ಬಿಫೋರ್’ ದಿನಾಂಕ ದಾಟಿದ್ದರೂ ಚೆನ್ನಾಗಿದ್ದರೆ ಕೊಡಬಹುದು. ‘ಯೂಸ್ ಬೈ’ ದಾಟಿದ್ದನ್ನು ಮಾತ್ರ ಎಷ್ಟೇ ಚೆನ್ನಾಗಿ ಕಂಡರೂ ಮುಟ್ಟುವ ಹಾಗಿಲ್ಲ. ಆ ದಿನ ಮುಗಿಯುವ ಮೊದಲೇ ಬೇಯಿಸಬೇಕು, ಇಲ್ಲ ಫ್ರೀಜರಿಗೆ ಹಾಕಬೇಕು. ಬಿಸಿ ಅಡುಗೆ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು. ಥರ್ಮಾಮೀಟರ್ ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯುತ್ತೇವೆ.

ನನಗೆ ಕಷ್ಟವಾಗಿದ್ದು ಒಗ್ಗರಣೆ. ಅಲರ್ಜಿ ತರುವ 14 ಪದಾರ್ಥಗಳ ಹೆಸರನ್ನು ಇಲ್ಲಿನ ಕಾನೂನಿನ ಪ್ರಕಾರ ತಿನ್ನುವವರಿಗೆ ತಿಳಿಸಲೇಬೇಕು. ಅದರಲ್ಲಿ ಸಾಸಿವೆ ಒಂದು. ಎಳ್ಳು, ಶೇಂಗಾ ಕೂಡ ಇವೆ. ಇವು ಮೂರೂ ಇಲ್ಲದೆ ಗದಗಿನವರು ಅಡುಗೆ ಮಾಡುವುದು ಹೇಗೆ ಹೇಳಿ? ಅಂಗಡಿಯ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಡಬ್ಬಿಯ ಹಿಂದೆ ಓದಿದ ಮೇಲೇ ಗೊತ್ತಾಯಿತು. ಗೋಧಿ ಆಗದವರು ನಮ್ಮಲ್ಲಿ ಇಬ್ಬರಿದ್ದಾರೆ. ಈಗ ದೊಡ್ಡ ಪಾತ್ರೆಗೆ ಬರೀ ಜೀರಿಗೆ, ಬೆಳ್ಳುಳ್ಳಿ. ಸಾಸಿವೆ, ಇಂಗಿನ ಒಗ್ಗರಣೆ ಬೇರೆ ಬಟ್ಟಲಲ್ಲಿ, ಹೆಸರು ಬರೆದು, ಬೇಕಾದವರು ಹಾಕಿಕೊಳ್ಳುವ ಹಾಗೆ. ಮಾಂಸ ಮಾಡುವ ದಿನ ಹಲಾಲ್ ಮಾಂಸವೇ, ಆದರೆ ಹೆಚ್ಚು ವಾರ ತರಕಾರಿ ಅಡುಗೆ. ಹಾಗಾದರೆ ಯಾರೂ ಮೇಜು ಬದಲಿಸಬೇಕಾಗಿಲ್ಲ.

ಈ ಸೀಮೆಯಲ್ಲಿ ಕಪ್ಪು ಬಟಾಣಿ ಅಂತ ಒಂದು ಕಾಳಿದೆ. ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ, ಉಪ್ಪು, ವಿನೆಗರ್ ಹಾಕಿಕೊಂಡು ತಿನ್ನುತ್ತಾರೆ. ನವೆಂಬರ್ 5ರ ಬೆಂಕಿ ಹಬ್ಬಕ್ಕೆ ಇದು ಬೇಕೇ ಬೇಕು. ಅದಕ್ಕೆ ನಾನು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಉಸುಳಿ ಮಾಡಿದೆ. ಟೀ ಆಗಲಿಲ್ಲ ಅಂದಿದ್ದ ಆ ತಾಯಿಯೇ ಅವತ್ತು ಪಾತ್ರೆಯ ಮುಂದೆ ನಿಂತು, ನಮ್ಮಮ್ಮ ಇದಕ್ಕೆ ಇಷ್ಟು ಖಾರ ಹಾಕುತ್ತಿರಲಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದರು. ಬಡಿಸಿಕೊಂಡಿದ್ದು ತಟ್ಟೆ ತುಂಬ.

ಊಟದಿಂದ ಹಸಿವು ಒಂದು ಹೊತ್ತಿಗೆ ಹೋಗುತ್ತದೆ. ಮತ್ತೆ ಬರುವುದಕ್ಕೆ ಕಾರಣ ಬೇರೆ ಕಡೆ ಇರುತ್ತದೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯೂನಿವರ್ಸಲ್ ಕ್ರೆಡಿಟ್ ನೆರವಿಗೆ ಅರ್ಜಿ ಹಾಕಿದರೆ ಮೊದಲ ಹಣ ಕೈಗೆ ಬರೋಕೆ ಐದು ವಾರ. ಅಷ್ಟರಲ್ಲಿ ಮುಂಗಡ ತೆಗೆದುಕೊಂಡರೆ ಅದು ಸಾಲ, ಮುಂದಿನ ತಿಂಗಳುಗಳಲ್ಲಿ ಮುರಿದುಕೊಳ್ಳುತ್ತಾರೆ. 2017ರ ಏಪ್ರಿಲ್ ನಂತರ ಹುಟ್ಟಿದ ಮೂರನೇ ಮಗುವಿಗೆ ಹಣವಿಲ್ಲ ಅನ್ನುವ ನಿಯಮ ವರ್ಷಗಟ್ಟಲೆ ಇತ್ತು. ಅದನ್ನು ತೆಗೆಯುತ್ತೇವೆ ಅಂತ ಸರ್ಕಾರ ಹೇಳಿದ್ದು 2025ರ ನವೆಂಬರಿನಲ್ಲಿ. ಇದೆಲ್ಲ ನನಗೆ ಗೊತ್ತಾಗಿದ್ದು ಊಟದ ಮೇಜಿನಲ್ಲೇ. ಹಾಗಾಗಿ ಅರ್ಜಿ, ಸಾಲದ ವಿಷಯ ಬಲ್ಲ ಒಬ್ಬರನ್ನು ಗುರುವಾರ ಕರೆಸುತ್ತೇವೆ. ಅವರಿಗೆ ಬೇರೆ ಕೋಣೆ ಕೊಟ್ಟಿಲ್ಲ. ತಟ್ಟೆ ಹಿಡಿದು ಎಲ್ಲರ ಮಧ್ಯೆ ಕೂರುತ್ತಾರೆ. ಗಾಜಿನ ಕಿಟಕಿಯ ಆಚೆ ಕೂತವರಿಗೆ ಹೇಳದ ಮಾತನ್ನು ಜನ ಪಕ್ಕದಲ್ಲಿ ಕೂತು ಉಣ್ಣುವವರಿಗೆ ಹೇಳುತ್ತಾರೆ. ಹೀಗೆ ಕೂತೇ ಕೆಲವು ಬಸುರಿಯರಿಗೆ ಹಾಲು, ಹಣ್ಣಿನ ಹೆಲ್ದಿ ಸ್ಟಾರ್ಟ್ ಕಾರ್ಡ್ ಸಿಕ್ಕಿತು, ಕೆಲವು ಅಜ್ಜ ಅಜ್ಜಿಯರಿಗೆ ಪಿಂಚಣಿಯ ಮೇಲಿನ ನೆರವು ಸಿಕ್ಕಿತು. ಇವೆಲ್ಲ ಮೊದಲಿಂದಲೂ ಅವರಿಗೆ ಸಿಗಬೇಕಾದದ್ದೇ. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬೇಸಿಗೆ ರಜೆ ಬಂದರೆ ನಮಗೆ ಕೆಲಸ ಜಾಸ್ತಿ. ಶಾಲೆಯ ಊಟ ಆರು ವಾರ ನಿಲ್ಲುತ್ತದೆ. ಆಗ ವಾರಕ್ಕೆ ಮೂರು ದಿನ ಒಲೆ ಹಚ್ಚುತ್ತೇವೆ. ಅದಕ್ಕೂ ಹೆಚ್ಚು ನಮ್ಮ ಕೈಲಾಗುವುದಿಲ್ಲ, ಉಳಿದ ದಿನಗಳ ಚಿಂತೆ ತಲೆಯಲ್ಲಿ ಇದ್ದೇ ಇರುತ್ತದೆ.

ಇನ್ನೂ ಬಾರದವರಿದ್ದಾರೆ. ಹಾಲ್‌ನ ಹಿಂದಿನ ಬೀದಿಯಲ್ಲಿ ಗಿರಣಿಯಲ್ಲಿ ದುಡಿದ ಒಬ್ಬ ಹಿರಿಯರು ಒಬ್ಬರೇ ಇರುತ್ತಾರೆ. ಎಷ್ಟು ಕರೆದರೂ ಬಂದಿಲ್ಲ. ಅಡುಗೆ ಜಾಸ್ತಿ ಆಗಿದೆ, ಹಾಳಾಗುತ್ತದೆ ಅಂತ ಹೇಳಿ ಡಬ್ಬಿ ಕಳಿಸಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ಡಬ್ಬಿ ತೊಳೆದು ಒರೆಸಿ ವಾಪಸ್ ಬರುತ್ತದೆ. ನಮ್ಮೂರ ಕಡೆ ಖಾಲಿ ಡಬ್ಬಿ ತಿರುಗಿ ಕಳಿಸುವುದಿಲ್ಲ ಅಲ್ವಾ, ಅವರೂ ಕಳಿಸುವುದಿಲ್ಲ. ಹೋದ ವಾರ ಒಳಗೆ ನಾಲ್ಕು ಟೀ ಬ್ಯಾಗ್ ಇದ್ದವು, ಜೊತೆಗೆ ಒಂದು ಚೀಟಿ: ಉಪ್ಪು ಸ್ವಲ್ಪ ಕಡಿಮೆ ಇರಲಿ, ಡಾಕ್ಟರ್ ಹೇಳಿದ್ದಾರೆ. ಈ ಗುರುವಾರ ಅವರದ್ದನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಬೇಕು.