ಲಮ್‌ಜುಂಗ್‌ನಲ್ಲಿ ಮುದ್ದೆ ಕಟ್ಟಿದ ನನ್ನ ಅನುಭವ

"ನೆಂಟನ ಥರ ಇದ್ದುಬಿಡು, ಒಲೆ ಹತ್ತಿರ ಮಾತ್ರ ಹೋಗಬೇಡ" ಅಂತ ನನ್ನ ಜೊತೆ ನೇಪಾಳಕ್ಕೆ ಬಂದಿದ್ದ ಮೂವರೂ ಹೇಳಿದ್ದರು. ಅವರಲ್ಲಿ ಇಬ್ಬರು ತಿಂಗಳೊಳಗೆ ಮನೆ ಬದಲಿಸಿದರು. ನಾನು ಒಂದೇ ಮನೆಯಲ್ಲಿ ಒಂಬತ್ತು ವಾರ ಇದ್ದೆ. ಅದಕ್ಕೇ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ.

2019ರ ನವೆಂಬರ್. ನೇಪಾಳದ ಲಮ್‌ಜುಂಗ್ ಜಿಲ್ಲೆ, ಗುಡ್ಡದ ಮೇಲಿನ ಹಳ್ಳಿ. ಸರ್ಕಾರಿ ಶಾಲೆಯಲ್ಲಿ ಗಣಿತ ಪಾಠ. ಉಳಿದುಕೊಂಡಿದ್ದು ಛೇತ್ರಿಗಳ ಮನೆ, ಒಲೆಯ ಮಡಿ ಪಾಲಿಸುವ ಮೇಲ್ಜಾತಿಯವರು.

ದುಡ್ಡಿನ ಕತೆ ಮೊದಲೇ ಹೇಳಿಬಿಡುತ್ತೇನೆ. ಕಳಿಸಿದ ಸಂಸ್ಥೆಗೆ ಸುಮಾರು 38 ಸಾವಿರ ಕಟ್ಟಿದ್ದೆ. ಮನೆಯವರ ಕೈಗೆ ಸೇರಿದ್ದು ತಿಂಗಳಿಗೆ ಏಳು ಸಾವಿರ ನೇಪಾಳಿ ರೂಪಾಯಿ, ನಮ್ಮ ಲೆಕ್ಕದಲ್ಲಿ 4,400ರ ಹತ್ತಿರ. ಇದು ಗೊತ್ತಾದ ದಿನ ಊಟ ಗಂಟಲಲ್ಲಿ ಇಳಿಯಲಿಲ್ಲ. ನಮ್ಮ 500ರ ನೋಟು ಆಗ ಅಲ್ಲಿ ನಡೆಯುತ್ತಿರಲಿಲ್ಲ, ಅದಕ್ಕೇ ನೂರರ ಕಟ್ಟು ಒಯ್ದಿದ್ದೆ. ಜಾಣತನ ಅಲ್ಲಿಗೇ ಮುಗೀತು. ಜಾಕೆಟ್‌ಗೆ 1,200 ಅಂದರೆ, ಐಸಿಯೋ (ನಮ್ಮ ರೂಪಾಯಿ) ಎನ್‌ಸಿಯೋ (ನೇಪಾಳಿ ರೂಪಾಯಿ) ಕೇಳದೆ ನಮ್ಮ ನೋಟು ಎಣಿಸಿ ಕೊಟ್ಟೆ. ಅಂಗಡಿಯವನು ಹೇಳಿದ್ದು ನೇಪಾಳಿ, ಅಂದರೆ ನಮ್ಮ 750. ಸುಮ್ನೆ 450 ಹೋಯ್ತು.

ಮೊದಲೆರಡು ವಾರ ಮಾಡಿದ್ದೆಲ್ಲ ಎಡವಟ್ಟು. ಎರಡು ಕೆಜಿ ಮೈಸೂರ್‌ಪಾಕ್ ಒಯ್ದಿದ್ದೆ. ಮನೆಯವರು ಅದನ್ನು ಬೀರುವಿನಲ್ಲಿ ಭದ್ರವಾಗಿಟ್ಟು, ಬಂದವರಿಗೆಲ್ಲ ನನ್ನನ್ನೂ ಅದನ್ನೂ ತೋರಿಸುತ್ತಿದ್ದರು. ಬೆಳಿಗ್ಗೆ ಆರಕ್ಕೆ ಚಹಾ, ಒಂಬತ್ತೂವರೆಗೆ ನೇರ ದಾಲ್‌ಭಾತ್. ನಡುವೆ ತಿಂಡಿ ಇಲ್ಲ. ಬಿಸ್ಕತ್ತಿಗೇ ದಿನಕ್ಕೆ ನಲವತ್ತು ಐವತ್ತು ಸುರಿದೆ. ಎಲ್ಲಕ್ಕಿಂತ ದೊಡ್ಡ ತಪ್ಪು ಜೂಠೋ, ಅಂದರೆ ನಮ್ಮ ಎಂಜಲೇ. ನನಗೆ ಹೇಳಿಕೊಡಬೇಕಿರಲಿಲ್ಲ. ಆದರೂ ಉಣ್ಣುತ್ತಿದ್ದ ಕೈಯಲ್ಲೇ ದಾಲ್ ಸೌಟು ಹಿಡಿದುಬಿಟ್ಟೆ. ಆಮಾ, ಅಂದರೆ ಆ ಮನೆಯ ಅಮ್ಮ, ಒಂದು ಮಾತೂ ಆಡಲಿಲ್ಲ. ಪಾತ್ರೆ ಎತ್ತಿಕೊಂಡು ಹೋಗಿ ಎಮ್ಮೆಗೆ ಸುರಿದು ಬಂದರು.

ಮೂರನೇ ವಾರ ಒಂದು ರಾತ್ರಿ ನೀರಿಗೆ ಅಂತ ಎದ್ದು ಹೋದೆ. ನನಗೆ ಬೇಗ ಅನ್ನ ಬಡಿಸಿ ಕಳಿಸಿದ್ದವರು ಒಲೆ ಸುತ್ತ ಕೂತು ಕಪ್ಪಗೆ ಏನೋ ಉಣ್ಣುತ್ತಿದ್ದರು. ಢಿಂಡೋ, ಅವರ ಮುದ್ದೆ. ಅವರ ಕೋದೋ ಅಂದರೆ ನಮ್ಮ ರಾಗಿ! ನೆಂಟರ ಮುಂದೆ ಇಡೋಕೆ ನಾಚಿಕೆ ಅವರಿಗೆ. ನಮ್ಮ ಹಾಸನದ ಕಡೆಯೂ ನೆಂಟರಿಗೆ ಅನ್ನ, ಮನೆಯವರಿಗೆ ಮುದ್ದೆ ಅನ್ನೋ ಕಾಲ ಇತ್ತಲ್ವಾ? ನಾನೂ ತಟ್ಟೆ ತಂದು ಕೂತೆ. ಒಂದು ತುಂಡು ಮುರಿದು, ಗುಂದ್ರುಕ್ ಅನ್ನೋ ಹುಳಿಬರಿಸಿ ಒಣಗಿಸಿದ ಸೊಪ್ಪಿನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಬುವಾ, ಅಂದರೆ ಮನೆಯ ಅಪ್ಪ, ಉಣ್ಣೋದು ಬಿಟ್ಟು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು.

ಮುಂದಿನ ಶನಿವಾರ, ಶಾಲೆಗೆ ರಜ, ನಾನೇ ಮುದ್ದೆ ಕಟ್ಟಿದೆ. ಒಲೆ ಹತ್ತಿರ ಹೋಗಲು ಆಮಾರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಹೇಳಲ್ಲ, ಅದು ನಮ್ಮಿಬ್ಬರ ನಡುವೆ ಇರಲಿ. ಅವರು ಹಿಟ್ಟು ಉದುರಿಸುತ್ತಾ ತಿರುವುತ್ತಾರೆ, ಸ್ವಲ್ಪ ಮೆತ್ತಗೆ. ನಾನು ಹಿಟ್ಟು ಗುಡ್ಡೆ ಹಾಕಿ ಬೇಯಿಸಿ ಆಮೇಲೆ ತಿರುವಿದೆ. ನೀರಿನ ರಭಸಕ್ಕೆ ತಿರುಗುವ ಬೀಸುಕಲ್ಲಿನಲ್ಲಿ ಬೀಸಿದ ಹಿಟ್ಟು, ತರಿ ಜಾಸ್ತಿ. ಮೊದಲನೇ ಸಲ ಬರೀ ಗಂಟು. ಎರಡನೇ ಸಲ ನೀರು ಒಂದು ಲೋಟ ಹೆಚ್ಚಿಗೆ ಇಟ್ಟೆ, ಉಂಡೆ ನುಣ್ಣಗೆ ಬಂತು.

ಅದೇ ಹುಮ್ಮಸ್ಸಿನಲ್ಲಿ ದೋಸೆಗೂ ಕೈ ಹಾಕಿದೆ. ಆ ಚಳಿಗೆ ಎರಡು ರಾತ್ರಿಯಾದರೂ ಹಿಟ್ಟು ಉಬ್ಬಲಿಲ್ಲ. ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಟೆ, ಅಷ್ಟಿಷ್ಟು ಎದ್ದಿತು. ಬುವಾ ನಾಲ್ಕು ತಿಂದರು. ಅದು ದೋಸೆ ಅಲ್ಲ ಅಂತ ನನಗೊಬ್ಬನಿಗೇ ಗೊತ್ತು.

ಅಲ್ಲಿಂದಾಚೆ ಎಲ್ಲರ ತಟ್ಟೆಯಲ್ಲಿ ಇದ್ದದ್ದೇ ನನ್ನ ತಟ್ಟೆಗೂ. ಜೊತೆಗೆ ಕೆಲಸವೂ ಬಂತು. ಹುಲ್ಲು ತುಂಬಿದ ಡೋಕೋವನ್ನು, ಅಂದರೆ ಬೆನ್ನಿನ ಬುಟ್ಟಿಯನ್ನು, ಹಣೆಪಟ್ಟಿಯಲ್ಲಿ ಹೊರುವುದು ನನಗೆಲ್ಲಿ ಗೊತ್ತು? ಮೊದಲ ದಿನ ದಾರಿಯುದ್ದಕ್ಕೂ ಚೆಲ್ಲಿಕೊಂಡು, ಅರ್ಧ ಬುಟ್ಟಿ ಹುಲ್ಲಿನ ಜೊತೆ ಬಂದು ನಿಂತೆ. ಅಷ್ಟು ದಿನ 'ತಪಾಈಂ' (ತಾವು) ಅಂತ ಗೌರವ ಕೊಡುತ್ತಿದ್ದ ಆಮಾ, ಅಂಗಳದಲ್ಲೇ ನಿಲ್ಲಿಸಿಕೊಂಡು 'ತಿಮಿ' (ನೀನು) ಅಂತ ಬೈದರು.