ಅಗ್ಗದ ಬಿಯರು, ಅಗ್ಗದ ವೈನು: ಜೋಡಿ ಹಾಕಿ ರುಚಿ ನೋಡಿ

ನಾನು ಹಾಸನದ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜ ಹದ ಮಾಡುವ ಕಾರ್ಖಾನೆಯಲ್ಲಿ, ಕಪ್ ಟೇಸ್ಟರ್. ಸಾಲಾಗಿ ಇಟ್ಟ ಬಟ್ಟಲುಗಳಿಂದ ಚಮಚದಲ್ಲಿ ಕಾಫಿ ತೆಗೆದು, ಸೊರ್ರಂತ ಹೀರಿ, ಉಗಿದು, ಮಾರ್ಕ್ಸ್ ಬರೆಯುವುದು ನನ್ನ ಕೆಲಸ. ಸಂಜೆ ಬಿಯರ್ ಕುಡಿಯುವಾಗಲೂ ಈ ಚಾಳಿ ಬಿಡುವುದಿಲ್ಲ. ಅದರಿಂದ ಲಾಭವೇ ಆಗಿದೆ. ಕಡಿಮೆ ದುಡ್ಡಿನ ಬಿಯರು, ವೈನಿನಲ್ಲೂ ನೋಡುವುದಕ್ಕೆ ಬೇಕಾದಷ್ಟಿದೆ. ಆದರೆ ಒಂದೇ ಬಾಟಲಿ ಇಟ್ಟುಕೊಂಡು ಕೂತರೆ ಅದು ಕಾಣುವುದಿಲ್ಲ. "ಚೆನ್ನಾಗಿದೆ", "ಪರವಾಗಿಲ್ಲ" ಅನ್ನುವುದಕ್ಕಿಂತ ಜಾಸ್ತಿ ಏನೂ ಹೇಳಲು ಬರುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಗ್ಲಾಸ್ ಇಡಿ, ಆಗ ಕಹಿ ಯಾವುದರಲ್ಲಿ ಜಾಸ್ತಿ, ಸಿಹಿ ಯಾವುದರಲ್ಲಿ ಅಂತ ಬಾಯಿ ತಾನಾಗಿಯೇ ಹೇಳಿಬಿಡುತ್ತದೆ.

ಮೊದಲು ಒಂದೆರಡು ಮಾತು. 21 ತುಂಬದವರಿಗೆ ಇದು ಬೇಡ. ಆಮೇಲೆ ಗಾಡಿ ಓಡಿಸಬೇಕಾದವರಿಗೂ ಬೇಡ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು ಬೀಳುತ್ತದೆ, ಅದಕ್ಕೆ ತುಂಬಾ ಕುಡಿಯಬೇಕೆಂದೇನಿಲ್ಲ. ಬಂದವರು ರಾತ್ರಿ ಉಳಿದುಕೊಳ್ಳಲಿ, ಇಲ್ಲ ಆಟೋ ಹಿಡಿಯಲಿ.

ದುಡ್ಡಿನ ಲೆಕ್ಕ

ನಾಲ್ಕು ಜನ ಸೇರಿ, ತಲೆಗೆ 400 ರೂಪಾಯಿ ಹಾಕಿ. 1,600 ಆಯಿತು. ಒಂದು ಸಲ ಬಿಯರ್, ಇನ್ನೊಂದು ಸಲ ವೈನ್ ಅಂತ ಇಟ್ಟುಕೊಳ್ಳಿ. ಎರಡನ್ನೂ ಒಂದೇ ಸಂಜೆ ಹಿಡಿದರೆ ಕೊನೆಯ ಗ್ಲಾಸಿನ ಹೊತ್ತಿಗೆ ಯಾರ ನಾಲಿಗೆಯೂ ಕೆಲಸ ಮಾಡುವುದಿಲ್ಲ. ಒಂದೊಂದರ ಬೆಲೆ ಇಲ್ಲಿ ಬರೆಯುವುದಿಲ್ಲ, ಅಬಕಾರಿ ಸುಂಕ ಏರಿದಾಗಲೆಲ್ಲ ಅದು ಬದಲಾಗುತ್ತದೆ. ಬಾಟಲಿ ಮೇಲಿನ ಎಂಆರ್‌ಪಿ ನೋಡಿ. ಬಾರಿನಲ್ಲಿ ಕೂತರೆ ಅದರ ಮೇಲೆ ಇನ್ನಷ್ಟು ಸೇರುತ್ತದೆ. ಹಾಗಾಗಿ ವೈನ್ ಶಾಪ್ ಅಥವಾ ಎಂಎಸ್‌ಐಎಲ್ ಮಳಿಗೆಯಲ್ಲಿ ತಂದು ಮನೆಯಲ್ಲಿ ಕೂರುವುದೇ ಒಳ್ಳೆಯದು.

ಅಂಗಡಿಯಲ್ಲಿ ಎರಡು ವಿಷಯ ನೋಡಿ. ಒಂದು, ತಯಾರಾದ ತಿಂಗಳು. ಬಿಯರಿಗೆ ವಯಸ್ಸಾಗಬಾರದು. ಹಳೆಯದಾದರೆ ನೆನೆದ ರಟ್ಟಿನ ವಾಸನೆ ಬರುತ್ತದೆ. ಎರಡು, ಬಾಟಲಿ ಎಲ್ಲಿ ಇಟ್ಟಿದ್ದರು ಅಂತ. ಬಿಸಿಲು ಬೀಳುವ ಶೆಲ್ಫಿನ ಬಾಟಲಿ ಬೇಡ. ಬೆಳಕು ತಾಗಿದರೆ ಹಾಪ್ಸ್‌ನ (ಬಿಯರಿಗೆ ಕಹಿ ಕೊಡುವ ಹೂವು) ಕಹಿ ಅಂಶ ಕೆಟ್ಟು, ಸುಟ್ಟ ರಬ್ಬರಿನಂಥ ಗಬ್ಬು ಬರುತ್ತದೆ. ಕಂದು ಗಾಜು ಇದನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು ಅಷ್ಟು ತಡೆಯುವುದಿಲ್ಲ. ಟಿನ್ನಿಗೆ ಈ ತೊಂದರೆಯೇ ಇಲ್ಲ. "ಕೂಲ್ ಕೊಡ್ಲಾ ಅಣ್ಣ?" ಅಂತ ಅಂಗಡಿಯವನು ಕೇಳಿದರೆ ನಾನು "ಬ್ಯಾಡ, ಕೇಸಿಂದ ತೆಗ್ದು ಕೊಡು" ಅನ್ನುತ್ತೇನೆ. ಕೇಸಿನಲ್ಲಿ ಇದ್ದದ್ದು ಕತ್ತಲಲ್ಲಿ ಇರುತ್ತದೆ.

ಬಿಯರಿನ ಜೋಡಿಗಳು

ಜೋಡಿ ಹಾಕುವಾಗ ಒಂದೇ ವಿಷಯ ಬೇರೆ ಇರಬೇಕು. ಎಲ್ಲವೂ ಬೇರೆ ಇದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಶುರುವಿಗೆ ಕಿಂಗ್‌ಫಿಶರ್ ಪ್ರೀಮಿಯಂ ಮತ್ತು ಕಿಂಗ್‌ಫಿಶರ್ ಸ್ಟ್ರಾಂಗ್ ತನ್ನಿ. ಮನೆ ಒಂದೇ, ಮೈಲ್ಡು-ಸ್ಟ್ರಾಂಗು ಮಾತ್ರ ಬೇರೆ. ನಮ್ಮಲ್ಲಿ ಶೇ 5ರವರೆಗಿನದು ಮೈಲ್ಡು, ಅದರಿಂದ 8ರವರೆಗೆ ಸ್ಟ್ರಾಂಗು. ಸ್ಟ್ರಾಂಗ್ ಗ್ಲಾಸಿಗೆ ಮೂಗಿಟ್ಟರೆ ಒಂದು ಘಾಟು ಬರುತ್ತದೆ, ನುಂಗಿದ ಮೇಲೆ ಗಂಟಲು ಬೆಚ್ಚಗಾಗುತ್ತದೆ, ಸಿಹಿಯೂ ಒಂದು ಕೈ ಮೇಲು. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಶೇ 8ರ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮ ವಿಸ್ಕಿ ಶೇ 42.8. ಅಂದರೆ ಒಂದು ಸ್ಟ್ರಾಂಗ್ ಬಾಟಲಿ ಎರಡು ಸಿಕ್ಸ್ಟಿಗೆ, ಅಂದರೆ 60 ಎಂಎಲ್‌ನ ಎರಡು ಪೆಗ್ಗಿಗೆ, ಹೆಚ್ಚುಕಡಿಮೆ ಸಮ. "ಬರೀ ಬಿಯರ್ ಅಲ್ವಾ" ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಈ ಕಾರಣಕ್ಕೇ ನಾನು ಒಬ್ಬೊಬ್ಬರಿಗೆ 60 ಎಂಎಲ್ ಮೇಲೆ ಸುರಿಯುವುದಿಲ್ಲ, ಪೆಗ್ ಅಳತೆಯಲ್ಲೇ ಅಳೆಯುತ್ತೇನೆ.

ಎರಡನೆಯ ಜೋಡಿಗೆ ಕಿಂಗ್‌ಫಿಶರ್‌ನಂಥ ಒಂದು ಮಾಮೂಲಿ ಲಾಗರ್, ಒಂದು ಗೋಧಿ ಬಿಯರ್. ಗೋಧಿಯದಕ್ಕೆ ಹೋಗಾರ್ಡನ್ ತನ್ನಿ. ಅದು ಅಗ್ಗದ್ದಲ್ಲ, ಆದರೆ ಒಂದು ಪಿಂಟು ನಾಲ್ಕು ಜನಕ್ಕೆ ರುಚಿ ನೋಡಲು ಸಾಕು. ಬೆಲ್ಜಿಯಂ ಶೈಲಿಯ ಇಂಥ ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ನಮ್ಮ ಮನೆಯವಳು ಮೊದಲ ಸಲ ಮೂಸಿ, "ಸಾರಿನ ಪುಡಿ ಹುರಿಯೋಕೆ ಮುಂಚೆ ಧನಿಯಾ ಡಬ್ಬಿ ತೆಗೆದಂಗೈತೆ ಕಣ್ರೀ" ಅಂದಳು. ಲೇಬಲ್ ಓದದೆ ಹೇಳಿದ್ದು. ಜರ್ಮನ್ ಶೈಲಿಯದಾದರೆ ಬಾಳೆಹಣ್ಣು, ಲವಂಗ ಹೊಡೆಯುತ್ತದೆ. ಅದನ್ನು ಹಾಕಿರುವುದಿಲ್ಲ, ಈಸ್ಟೇ ಆ ವಾಸನೆ ಕೊಡುವುದು.

ಮೂರನೆಯದು ತೀರಾ ಅಗ್ಗದ ಎರಡು ಸ್ಟ್ರಾಂಗು. ನಮ್ಮ ಹಾಸನದಲ್ಲೇ ಸೋಮ್ ಕಂಪನಿಯ ಬ್ರೂವರಿ ಇದೆ. ಪವರ್ ಕೂಲ್, ಬ್ಲ್ಯಾಕ್ ಫೋರ್ಟ್, ಹಂಟರ್ ಎಲ್ಲ ಅವರವೇ. ಅದರಲ್ಲಿ ಒಂದನ್ನು ನಾಕ್ ಔಟ್ ಬಿಯರಿನ ಪಕ್ಕ ಇಡಿ. ಹೆಸರು ಮುಚ್ಚಿ ಕೊಟ್ಟರೆ, "ನಾನು ಇದೊಂದೇ ಬ್ರ್ಯಾಂಡ್ ಕುಡಿಯೋದು" ಅಂತ ಮೀಸೆ ತಿರುವುವವರಲ್ಲಿ ಬಹಳ ಜನ ತಮ್ಮ ಬ್ರ್ಯಾಂಡನ್ನೇ ಗುರುತು ಹಿಡಿಯುವುದಿಲ್ಲ.

ದುಡ್ಡೇ ಇಲ್ಲದ ಜೋಡಿಯೂ ಇದೆ. ಒಂದೇ ಬಾಟಲಿಯ ಬಿಯರನ್ನು ಎರಡು ಗ್ಲಾಸಿಗೆ ಹಾಕಿ. ಒಂದನ್ನು ತಕ್ಷಣ ಕುಡಿಯಿರಿ, ಇನ್ನೊಂದನ್ನು ಇಪ್ಪತ್ತು ನಿಮಿಷ ಟೇಬಲ್ ಮೇಲೆ ಬಿಡಿ. ಐಸಿನಂತೆ ತಣ್ಣಗಿದ್ದಾಗ ಕಾಣದ ಸಿಹಿ, ಬೇಯಿಸಿದ ಜೋಳದ ವಾಸನೆ ಎಲ್ಲ ಆಗ ಎದ್ದು ಬರುತ್ತದೆ. ನಮ್ಮ ಬಾರುಗಳಲ್ಲಿ ಅಷ್ಟು ಚಿಲ್ ಮಾಡಿ ಕೊಡುವುದು ಯಾಕೆ ಅಂತ ಅರ್ಥವಾಗುತ್ತದೆ, ಅಲ್ವಾ? ರುಚಿ ನೋಡುವುದಕ್ಕೆ ಫ್ರಿಜ್ಜಿನಿಂದ ತೆಗೆದು ಐದು ನಿಮಿಷ ಬಿಟ್ಟರೆ ಸರಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ, ಮರೆತರೆ ಬಾಟಲಿ ಒಡೆಯುತ್ತದೆ.

ಗ್ಲಿಸರಿನ್ ಕಥೆ

ಇದನ್ನು ಹೇಳದೆ ಮುಂದೆ ಹೋಗಲಾರೆ. ಯಾರಾದರೂ ಒಬ್ಬರು ಬಾಟಲಿ ತೆರೆದು, ಬಾಯಿಗೆ ಹೆಬ್ಬೆಟ್ಟು ಇಟ್ಟು, ನೀರಿನ ಲೋಟದೊಳಗೆ ತಲೆಕೆಳಗೆ ಹಿಡಿದೇ ಹಿಡಿಯುತ್ತಾರೆ. ಬೆರಳು ಸ್ವಲ್ಪ ಸರಿಸಿದ ಕೂಡಲೇ ಬಾಟಲಿಯಿಂದ ಎಣ್ಣೆಯಂಥ ಎಳೆ ನೀರಿನೊಳಗೆ ಸುರುಳಿ ಸುರುಳಿಯಾಗಿ ಇಳಿಯುತ್ತದೆ. "ನೋಡಿ, ಗ್ಲಿಸರಿನ್ ಬಿಟ್ಕೊಳ್ತಾ ಇದೆ" ಅಂತ ಎಲ್ಲರಿಗೂ ತೋರಿಸುತ್ತಾರೆ. ಇಳಿಯುತ್ತಿರುವುದು ಬಿಯರೇ. ಅದರಲ್ಲಿ ಕರಗಿದ ಪದಾರ್ಥ ಇರುವುದರಿಂದ ಅದು ನೀರಿಗಿಂತ ತೂಕ. ಹಾಗಾಗಿ ಬಿಯರ್ ಕೆಳಗಿಳಿಯುತ್ತದೆ, ಆ ಜಾಗಕ್ಕೆ ಲೋಟದ ನೀರು ಮೇಲೆ ಹತ್ತುತ್ತದೆ. ಎರಡು ದ್ರವ ಬೆರೆಯುವ ಕಡೆ ಬೆಳಕು ಬಾಗುವುದರಿಂದ ಎಳೆ ಕಾಣುತ್ತದೆ. ಅನುಮಾನ ಇದ್ದರೆ ಆ ಲೋಟದ ನೀರು ಕುಡಿದು ನೋಡಿ, ತೆಳು ಬಿಯರಿನ ರುಚಿ ಇರುತ್ತದೆ. ದುಡ್ಡು ಕೊಟ್ಟು ತಂದದ್ದಕ್ಕೆ ನೀವೇ ನೀರು ಬೆರೆಸಿದ ಹಾಗಾಯಿತು.

ಗ್ಲಾಸು, ಮೂಗು, ಬಾಯಿ

ವೈನ್ ಗ್ಲಾಸ್ ಕೊಳ್ಳುವ ಅಗತ್ಯವಿಲ್ಲ. ಬಾಯಿ ಸ್ವಲ್ಪ ಕಿರಿದಾದ ಯಾವ ಗಾಜಿನ ಲೋಟವಾದರೂ ಆದೀತು, ಎಲ್ಲ ಒಂದೇ ಥರದ್ದಿರಲಿ. ಪೇಪರ್ ಕಪ್ಪು ಬೇಡ, ಅದರದ್ದೇ ವಾಸನೆ ಇರುತ್ತದೆ. ಪಾತ್ರೆ ಸೋಪು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಎಣ್ಣೆ ಪಸೆ ಇದ್ದರೂ ಅಷ್ಟೇ. ತೊಳೆದ ಮೇಲೆ ಬಿಸಿನೀರಿನಲ್ಲಿ ಇನ್ನೊಂದು ಸಲ ಜಾಲಾಡಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ.

ಒಬ್ಬರು ಅಡುಗೆಮನೆಯಲ್ಲಿ ನಿಂತು ಸುರಿಯಲಿ, ಉಳಿದವರು ನೋಡಬಾರದು. ಗ್ಲಾಸಿನ ತಳಕ್ಕೆ ಪೆನ್ನಿನಲ್ಲಿ ಗುರುತು ಹಾಕಿದರೆ ಸಾಕು. ಗೋಧಿ ಬಿಯರಿನ ಮಬ್ಬು ಬಣ್ಣ ನೋಡಿ ಕಂಡುಹಿಡಿಯುವ ಚಾಲಾಕಿಗಳಿದ್ದರೆ ಸ್ಟೀಲ್ ಲೋಟದಲ್ಲಿ ಕೊಡಿ.

ಮೊದಲು ಮೂಸಿ, ಆಮೇಲೆ ಗುಟುಕು. ಕಾಫಿ ಹೀರುವ ಹಾಗೆ ಗಾಳಿ ಸೇರಿಸಿಕೊಂಡು ಹೀರಿ. ಸದ್ದಾಗುತ್ತದೆ, ಆಗಲಿ. ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅನ್ನುವುದರಲ್ಲಿ ಹೆಚ್ಚಿನದು ಆ ಉಸಿರಿನಲ್ಲೇ ಬರುತ್ತದೆ. ನೆಗಡಿ ಆದಾಗ ಊಟ ರುಚಿಸುವುದಿಲ್ಲವಲ್ಲ, ಅದೇ ಕಾರಣ. ಮಾತಾಡುವ ಮುಂಚೆ ಪ್ರತಿಯೊಬ್ಬರೂ ಚೀಟಿಯಲ್ಲಿ ಒಂದು ಪದ ಬರೆಯಲಿ. ಒಬ್ಬರು ಜೋರಾಗಿ "ಕಹಿ" ಅಂದರೆ ಎಲ್ಲರಿಗೂ ಕಹಿಯೇ ಆಗಿಬಿಡುತ್ತದೆ. ಕ್ಯೂರಿಂಗ್‌ನಲ್ಲಿ ನಾವೂ ಬರೆದು ಮುಗಿಸುವವರೆಗೆ ತುಟಿ ಬಿಚ್ಚುವುದಿಲ್ಲ.

ಸ್ವಲ್ಪ ಕೈ ಕುದುರಿದ ಮೇಲೆ ಮೂರು ಗ್ಲಾಸಿನ ಆಟ ಆಡಿ. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಬೇರೆ ಇರುವುದು ಯಾವುದು ಅಂತ ಹೇಳಬೇಕು. ಬ್ರೂವರಿಗಳಲ್ಲೂ ಗುಣಮಟ್ಟ ನೋಡುವುದಕ್ಕೆ ಹೀಗೇ ಮಾಡುತ್ತಾರೆ. ಸುಲಭ ಅನ್ನಿಸುತ್ತದೆ, ಆದರೆ ಸುಲಭ ಅಲ್ಲ.

ವೈನಿಗೆ ಮೊದಲು ನಿಂಬೆ, ಟೀ

ವೈನ್ ರುಚಿ ಗೊತ್ತಾಗುವುದಿಲ್ಲ ಅನ್ನುವವರಿಗೆ ಒಂದು ಪಾಠ. ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ, ಇನ್ನೊಂದಕ್ಕೆ ಒಂದು ಚಮಚ ಸಕ್ಕರೆ ಹಾಕಿ. ಮೂರನೆಯದರಲ್ಲಿ ಟೀ ಸೊಪ್ಪನ್ನು ಹತ್ತು ನಿಮಿಷ ಬಿಟ್ಟು ಸೋಸಿದ, ಹಾಲು ಸಕ್ಕರೆ ಇಲ್ಲದ ಡಿಕಾಕ್ಷನ್. ಒಂದೊಂದು ಗುಟುಕು ನೋಡಿ. ನಿಂಬೆಗೆ ಬಾಯಲ್ಲಿ ನೀರೂರುತ್ತದೆ, ಟೀಗೆ ಒಸಡು ಒಣಗಿ ನಾಲಿಗೆ ಒರಟಾಗುತ್ತದೆ. ವೈನಿನಲ್ಲಿ ಹುಡುಕಬೇಕಾದ ಹುಳಿ, ಸಿಹಿ, ಒಗರು ಇವೇ ಮೂರು. ಇದರ ಖರ್ಚು ಹತ್ತು ರೂಪಾಯಿಯೂ ಆಗುವುದಿಲ್ಲ.

ಈಗ ಒಂದು ಪೋರ್ಟ್ ವೈನ್, ಒಂದು ಡ್ರೈ ರೆಡ್ (ಸಿಹಿ ಇಲ್ಲದ ಕೆಂಪು ವೈನ್) ಜೋಡಿ ಹಾಕಿ. ನಮ್ಮ ಅಂಗಡಿಗಳಲ್ಲಿ ಪೋರ್ಟ್ ಅಂತ ಸಿಗುವುದು ಪೋರ್ಚುಗಲ್ಲಿನದರ ಹಾಗಲ್ಲ. ಅಲ್ಲಿಯದಕ್ಕೆ ಹುದುಗುವಾಗಲೇ ಬ್ರಾಂಡಿ ಸೇರಿಸುತ್ತಾರೆ, ಆಲ್ಕೋಹಾಲ್ ಶೇ 20ರ ಹತ್ತಿರ ಇರುತ್ತದೆ. ನಮ್ಮದು ಸಿಹಿ ಕೆಂಪು ವೈನ್. ಇದಕ್ಕೆ ಹೆಚ್ಚಾಗಿ ಬೀಳುವುದು ಬೆಂಗಳೂರು ಬ್ಲೂ ದ್ರಾಕ್ಷಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಬೀಜ ಇರುವ ಆ ಕಪ್ಪು ದ್ರಾಕ್ಷಿಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿದೆ. ಬಾಟಲಿ ತೆರೆದರೆ ಜ್ಯೂಸ್ ಅಂಗಡಿಯ ವಾಸನೆ ಬರುತ್ತದೆ. ವೈನ್ ಬಲ್ಲವರು ಇದಕ್ಕೆ ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ, ಚೆನ್ನಾಗಿ ತಣ್ಣಗೆ ಮಾಡಿ ಕೊಟ್ಟರೆ ಸೊಗಸಾಗಿರುತ್ತದೆ.

ಡ್ರೈ ರೆಡ್ಡಿಗೆ ಶಿರಾಜ್ ಅಥವಾ ಕಾಬರ್ನೆ (ಎರಡೂ ದ್ರಾಕ್ಷಿ ತಳಿಯ ಹೆಸರು) ಅಂತ ಬರೆದಿರುವ ಯಾವುದಾದರೂ ಕಡಿಮೆ ಬೆಲೆಯ ಬಾಟಲಿ ತನ್ನಿ. ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ಅವರು 1988ರಲ್ಲಿ ಶುರು ಮಾಡಿದ ತೋಟದ ವೈನು ಇದೆ, ನಾಸಿಕದ ಸುಲಾ ಇದೆ. 375 ಎಂಎಲ್ ಅರ್ಧ ಬಾಟಲಿ ಸಿಕ್ಕರೆ ಬಿಡಬೇಡಿ, ಅದೇ ದುಡ್ಡಿಗೆ ಎರಡು ಥರ ಬರುತ್ತದೆ. ತಿರುಗಿಸುವ ಮುಚ್ಚಳ ಇರುವುದನ್ನೇ ಆರಿಸಿದರೆ ಕಾರ್ಕ್ ತೆಗೆಯುವ ಸಾಮಾನಿನ ಖರ್ಚೂ ಉಳಿಯುತ್ತದೆ. ರೆಡ್ ವೈನನ್ನು ರೂಮಿನ ಬಿಸಿಯಲ್ಲೇ ಕುಡಿಯಬೇಕು ಅಂತ ಹೇಳುವುದು ಯುರೋಪಿನ ಚಳಿ ಮನೆಗಳಿಗೆ. ಏಪ್ರಿಲ್‌ನಲ್ಲಿ ನಮ್ಮ ರೂಮು 30 ಡಿಗ್ರಿ ಇರುತ್ತದೆ, ಆ ಬಿಸಿಗೆ ಬರೀ ಘಾಟು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ.

ಮೊದಲು ಡ್ರೈ, ಆಮೇಲೆ ಪೋರ್ಟ್. ಉಲ್ಟಾ ಮಾಡಿದರೆ ಡ್ರೈ ವೈನ್ ಹುಣಸೆಹಣ್ಣಾಗುತ್ತದೆ. ಶಿರಾಜ್‌ನಲ್ಲಿ ಕಾಳುಮೆಣಸು, ನೇರಳೆ ಹಣ್ಣು ಹುಡುಕಿ. ಬಿಳಿ ವೈನಿನ ಸರದಿ ಬಂದಾಗ ಶೆನಿನ್ ಬ್ಲಾಂಕ್, ಸೋವಿನ್ಯೋ ಬ್ಲಾಂಕ್ ಜೋಡಿ ಚೆನ್ನ. ಮೊದಲನೆಯದು ಹಣ್ಣು ಹಣ್ಣು, ಎರಡನೆಯದಕ್ಕೆ ಆಗ ತಾನೇ ಹೆಚ್ಚಿದ ದೊಣ್ಣೆ ಮೆಣಸಿನಕಾಯಿಯ ಹಸಿ ವಾಸನೆ.

ಮಡಿಕೇರಿಗೆ ಹೋದವರು ತರುವ ಶುಂಠಿ ವೈನು, ನೆಲ್ಲಿಕಾಯಿ ವೈನು, ಗಾಂಧಾರಿ ಮೆಣಸಿನ ವೈನು ಈ ಸಾಲಿಗೆ ಬೇಡ. ಎಷ್ಟೋ ಬಾಟಲಿಗಳ ಮೇಲೆ ಆಲ್ಕೋಹಾಲ್ ಎಷ್ಟು ಅಂತಲೇ ಬರೆದಿರುವುದಿಲ್ಲ, ಸಕ್ಕರೆಯಂತೂ ಧಾರಾಳ.

ನೆಂಚಿಕೊಳ್ಳಲು

ರುಚಿ ನೋಡುವಾಗ ಖಾಲಿ ಮಂಡಕ್ಕಿ, ಸೌತೆಕಾಯಿ, ನೀರು. ಅಷ್ಟೇ. ಕಾಂಗ್ರೆಸ್ ಕಡಲೆಬೀಜ, ಚಿಲ್ಲಿ ಚಿಕನ್ನು, ಉಪ್ಪಿನಕಾಯಿ ಎಲ್ಲವನ್ನೂ ಚೀಟಿ ಬರೆದು ಮುಗಿಯುವವರೆಗೆ ಒಳಗೇ ಬಚ್ಚಿಡಿ. ಆದರೆ ಹೊಟ್ಟೆ ಖಾಲಿ ಇರಬಾರದು, ಐದು ಗಂಟೆಗೆ ಏನಾದರೂ ತಿಂದು ಕೂರಿ.

ಚೀಟಿ ಮುಗಿದ ಮೇಲೆ ಎಲ್ಲ ತನ್ನಿ. ಹಲಸಿನ ಹಪ್ಪಳಕ್ಕೆ ಮೈಲ್ಡ್ ಲಾಗರ್ ಹೇಳಿ ಮಾಡಿಸಿದ ಹಾಗಿರುತ್ತದೆ. ಖಾರದ ಕೋಳಿಗೆ ಒಗರು ಜಾಸ್ತಿ ಇರುವ ರೆಡ್ ಕೊಡಬೇಡಿ, ಖಾರ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿ ಇರುವ ಶೆನಿನ್ ಕೊಡಿ. ಪೋರ್ಟ್ ಜೊತೆಗೆ ಕಡಲೆಬೀಜದ ಚಿಕ್ಕಿ ಕಚ್ಚಿ ನೋಡಿ, ನಮ್ಮ ಭಾವಮೈದನಿಗೆ ಈಗ ಅದಿಲ್ಲದೆ ಪೋರ್ಟ್ ಇಳಿಯುವುದಿಲ್ಲ.

ಉಳಿದ ವೈನನ್ನು ಚಿಕ್ಕ ಬಾಟಲಿಗೆ ಬಾಯಿವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ಗಾಳಿ ಕಡಿಮೆ ಇದ್ದಷ್ಟೂ ಒಳ್ಳೆಯದು, ಎರಡು ಮೂರು ದಿನ ಬರುತ್ತದೆ. ಉಳಿದ ಬಿಯರನ್ನು ಗ್ಯಾಸ್ ಹೋಗುವ ಮುಂಚೆ ಈರುಳ್ಳಿ ಬಜ್ಜಿ ಹಿಟ್ಟಿಗೆ ನೀರಿನ ಬದಲು ಹಾಕಿ, ಗರಿಗರಿಯಾಗುತ್ತದೆ. ಖಾಲಿ ಬಾಟಲಿ ಗುಜರಿಗೆ ಹಾಕುವ ಮೊದಲು ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ, ತಯಾರಾದ ತಿಂಗಳೂ ಕಾಣುವ ಹಾಗೆ. ಮುಂದಿನ ಸಲ ಅಂಗಡಿಯವನ ಮುಂದೆ ನಿಂತಾಗ ಚೀಟಿಗಿಂತ ಅದೇ ಬೇಗ ಸಿಗುತ್ತದೆ.