ಹಿಡಿದೊಯ್ದ ಹೊತ್ತು ಬರೆದಿಡಿ: ಅಕ್ರಮ ಬಂಧನಕ್ಕೆ ಪರಿಹಾರ ಕೇಳುವುದು ಹೇಗೆ?

‘ಸಾಹೇಬ್ರು ಕರ್ಯಾಕತ್ತಾರ, ಎರಡ ಮಾತ ಕೇಳಿ ಬಿಡ್ತೀವಿ, ಬಾ’ ಎಂದು ಬಾಗಲಕೋಟೆ ಸೀಮೆಯ ನಮ್ಮ ಸಂಬಂಧಿಕನೊಬ್ಬನನ್ನು ಒಂದು ಸಂಜೆ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಅವನ ತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ‘ಸಂಜಿ 6.20’ ಎಂದು ಗೀಚಿದ್ದರು. ಪೊಲೀಸರು ಬಂಧನದ ವಿವರ ಬರೆಯುವ ಕಾಗದದಲ್ಲಿ, ಅಂದರೆ ಬಂಧನದ ಮೆಮೊದಲ್ಲಿ, ಇದ್ದದ್ದು ಮರುದಿನ ಬೆಳಿಗ್ಗೆ 11 ಗಂಟೆ. ನಡುವಿನ ರಾತ್ರಿ ಯಾವ ಕಾಗದದಲ್ಲೂ ಇರಲಿಲ್ಲ. ಆ ಕ್ಯಾಲೆಂಡರ್ ಹಾಳೆಯನ್ನೇ ವಕೀಲರು ಮ್ಯಾಜಿಸ್ಟ್ರೇಟರ ಮುಂದಿಟ್ಟರು.

ಆದ್ದರಿಂದ ಮೊದಲ ಕೆಲಸ ಅದೇ. ಹೊತ್ತು, ಜಾಗ, ಗಾಡಿ ನಂಬರು, ಬಂದವರ ಎದೆಯ ಪಟ್ಟಿಯ ಮೇಲಿನ ಹೆಸರು, ನೋಡಿದವರು ಯಾರು, ಎಲ್ಲವನ್ನೂ ಬರೆದಿಡಿ. ಹಿಡಿದವರನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಭಾನುವಾರ, ಹಬ್ಬ ಎಂಬ ನೆಪ ನಡೆಯದು. ಲೆಕ್ಕ ಶುರುವಾಗುವುದು ಮನುಷ್ಯನ ಓಡಾಟ ನಿಂತ ಗಳಿಗೆಯಿಂದ, ಠಾಣೆಯವರು ಪುಸ್ತಕದಲ್ಲಿ ಬರೆದ ಗಳಿಗೆಯಿಂದಲ್ಲ.

ಎರಡನೆಯದು ಕಾಗದ. ಮೆಮೊ ಮೇಲೆ ಮನೆಯವರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕು. ಖಾಲಿ ಹಾಳೆಗೆ ಮಾತ್ರ ಯಾರೂ ಸಹಿ ಹಾಕಬೇಡಿ. ಬಂಧನಕ್ಕೆ ಕಾರಣವನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಬೆಳಗಾವಿಯ ಗಡಿಹಳ್ಳಿಯಲ್ಲಿ ಮರಾಠಿಯೊಂದೇ ಬಲ್ಲವನಿಗೆ ಕನ್ನಡದ ಹಾಳೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಬಂಧನ ಏಕೆ ಬೇಕಾಯಿತೆಂದು ಪೊಲೀಸರು ಬರೆದಿಡಬೇಕು. ಬಂಧನ ಬೇಡವಾದರೆ ನೋಟಿಸ್ ಕೊಟ್ಟು ಕರೆಯಬೇಕು.

ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಡುವುದು ಎಲ್ಲಕ್ಕಿಂತ ಮುಖ್ಯ. ನಮ್ಮ ಜನ ಅಲ್ಲಿ ತಲೆ ತಗ್ಗಿಸಿ ನಿಂತುಬಿಡುತ್ತಾರೆ, ಅದೇ ನನಗೆ ಸಂಕಟ. ‘ನಿನ್ನೆ ಸಂಜೀನ ಹಿಡಕೊಂಡ ಬಂದಾರ್ರಿ, ಹೊಡದಾರ್ರಿ’ ಎಂದರೆ ಸಾಕು, ಅದು ದಾಖಲಾಗಲಿ, ಗಾಯವನ್ನು ವೈದ್ಯರು ನೋಡಲಿ. ವಕೀಲರಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಠಾಣೆಯ ಸಿಸಿಟಿವಿ ದೃಶ್ಯ ಉಳಿಸಿಡುವಂತೆ ಕೂಡಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹಾಜರುಪಡಿಸದೇ ಇಟ್ಟುಕೊಂಡಿದ್ದರೆ, ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬೇಕು: ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ.

ಇನ್ನು ಪರಿಹಾರ. ಕೇಸಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಬಂಧನ ಅಕ್ರಮವಾಗದು. ಹಿಡಿದ ದಿನ ಕಾನೂನು ಮುರಿದಿತ್ತೇ ಎಂಬುದೇ ಪ್ರಶ್ನೆ. ಮುರಿದದ್ದು ಕಾಗದಗಳಲ್ಲೇ ಕಣ್ಣಿಗೆ ರಾಚುವಂತಿದ್ದರೆ ಹೈಕೋರ್ಟಿಗೆ ರಿಟ್, ಅಂದರೆ ಹಕ್ಕು ಮುರಿದದ್ದರ ವಿರುದ್ಧ ನೇರ ಅರ್ಜಿ, ಹಾಕಬಹುದು. ಜಮ್ಮು–ಕಾಶ್ಮೀರದ ಶಾಸಕ ಭೀಮ್ ಸಿಂಗ್ ಅವರನ್ನು ಅಕ್ರಮವಾಗಿ ಹಿಡಿದಿಟ್ಟದ್ದಕ್ಕೆ ಸುಪ್ರೀಂ ಕೋರ್ಟ್ 1985ರಲ್ಲಿ 50,000 ರೂಪಾಯಿ ಕೊಡಿಸಿತು. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರಿಗೆ 2018ರಲ್ಲಿ 50 ಲಕ್ಷ; ಅವರ ಬಂಧನವಾದದ್ದು 1994ರಲ್ಲಿ!

ಸಾಕ್ಷಿ ಕರೆಸಿ ಸಾಬೀತು ಮಾಡಬೇಕಾದ ಸಂಗತಿಗಳಿದ್ದರೆ ಸಿವಿಲ್ ದಾವೆಯ ದಾರಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಅಕ್ರಮ ಬಂಧನದ ದಾವೆಗೆ ಬಿಡುಗಡೆಯಾದ ದಿನದಿಂದ ಒಂದೇ ವರ್ಷದ ಗಡುವು. ಸರ್ಕಾರದ ಮೇಲೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಬೇರೆ ಕೊಡಬೇಕು. ಕ್ರಿಮಿನಲ್ ಕೇಸು ಮುಗಿಯಲಿ ಎಂದು ಕಾಯುತ್ತ ಕೂರದೆ, ಬಿಡುಗಡೆಯಾದ ವಾರದಲ್ಲೇ ಕಾಗದಗಳನ್ನೆಲ್ಲ ಹಿಡಿದು ವಕೀಲರ ಹತ್ತಿರ ಹೋಗಿ.